ಅಲಾಸ್ಕಾ ಕ್ರೂಸ್‌ಗೆ ಎಷ್ಟು ಸೀರೆ?

ಜುಲೈನಲ್ಲಿ 14 ದಿನದ ಅಲಾಸ್ಕಾ ಕ್ರೂಸ್‌ಗೆ 14 ಸೀರೆ ಬೇಕಾ ಅಂತ ನಿಮ್ಮ ಅಮ್ಮ ಕೇಳುತ್ತಿದ್ದಾರೆ ಎಂದಿರಿ. ಖಂಡಿತ ಬೇಡ. ಫಾರ್ಮಲ್ ರಾತ್ರಿಗಳಿಗೆ (ಊಟಕ್ಕೆ ಎಲ್ಲರೂ ಚೆನ್ನಾಗಿ ಅಲಂಕರಿಸಿಕೊಂಡು ಬರುವ ರಾತ್ರಿಗಳು) ಎರಡು ರೇಷ್ಮೆ ಸೀರೆ ಸಾಕು. ಕಾಟನ್ ಬಿಟ್ಟುಬಿಡಿ. ಇಸ್ತ್ರಿಪೆಟ್ಟಿಗೆಯನ್ನು ಬೆಂಕಿಯ ಭಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ (ನನ್ನದೂ ಹೋಗಿತ್ತು!).

ಅಲ್ಲಿ ಚಳಿಗಿಂತ ಮಳೆಯದ್ದೇ ಕಾಟ ಜಾಸ್ತಿ. ಕೆಚಿಕನ್ ಊರಲ್ಲಿ ವರ್ಷಕ್ಕೆ ಸುಮಾರು 3,800 ಮಿ.ಮೀ. ಮಳೆ, ನಮ್ಮ ಮಲೆನಾಡೇ ಅನ್ನಿ. ಕೊಡೆ ಗಾಳಿಗೆ ನಿಲ್ಲುವುದಿಲ್ಲ, ಟೊಪ್ಪಿ ಇರುವ ರೇನ್‌ಕೋಟೇ ಬೇಕು. ಊರೊಳಗೆ ಹಗಲು 17–18 ಡಿಗ್ರಿ ಇದ್ದರೂ ಗ್ಲೇಸಿಯರ್ (ಹಿಮನದಿ) ಹತ್ತಿರ ಡೆಕ್ ಮೇಲೆ ನಿಂತರೆ ಕೈ ಮರಗಟ್ಟುತ್ತದೆ. ಒಂದೇ ದಪ್ಪ ಕೋಟಿನ ಬದಲು ಥರ್ಮಲ್, ಸ್ವೆಟರ್, ರೇನ್‌ಕೋಟ್ ಒಂದರ ಮೇಲೊಂದು ಹಾಕಲಿ. ಆ ದಿನ ಪ್ಯಾಂಟೇ ಸರಿ, ಅಮ್ಮನನ್ನು ಒಪ್ಪಿಸೋದು ನಿಮ್ಮ ಜವಾಬ್ದಾರಿ!

ಮೊದಲ ದಿನ ಸೂಟ್‌ಕೇಸ್ ಕ್ಯಾಬಿನ್‌ಗೆ ಬರಲು ಸಂಜೆಯಾಗಬಹುದು. ಮಾತ್ರೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.