ರುಮಾಲು ತೆಗೆದಿಟ್ಟು ಉತ್ತರಿಸಲಿ

ಪತ್ರದ ಸಾರ: ಹನ್ನೊಂದು ವರ್ಷದ ಮಗನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಿದ್ದೇವೆ. ನಮ್ಮಂಥ ಕುಟುಂಬಗಳ ಮಕ್ಕಳೆಲ್ಲ ಸೇರುವ ದಿನ ಪ್ರತಿ ಮಗುವೂ ಇತಿಹಾಸದ ಒಬ್ಬ ವ್ಯಕ್ತಿಯಾಗಿ ಬಂದು ಹತ್ತು ನಿಮಿಷ ಮಾತಾಡಬೇಕು. ಇವನು 1918ರಲ್ಲಿ ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ, ಮೈಸೂರು ಸಂಸ್ಥಾನದ ಅಶ್ವಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಸವಾರನಾಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಬ್ರಿಟಿಷರ ಪರ ಹೋರಾಡಿದವನ ವೇಷ ಯಾಕೆ, ರಾಯಣ್ಣನ ವೇಷ ಹಾಕಿಸಿ ಎನ್ನುತ್ತಾರೆ ನಮ್ಮ ಮಾವನವರು. ಸವಾರನೇ ಬೇಕಾದರೆ ಹೆಸರಾದ ಮೇಜರ್ ದಳಪತ್ ಸಿಂಗ್ ಆಗಬಹುದಲ್ಲ ಎನ್ನುವುದು ನನ್ನ ಅಭಿಪ್ರಾಯ. ಮಾತಿನ ಕರಡು ಜೊತೆಗಿದೆ. ಈಟಿ, ಮೀಸೆ ಬೇಕೇ? ತಿದ್ದಿಕೊಡಿ.

ಸಂಪಾದಕರ ಉತ್ತರ:

ಮೊದಲು ಮಗನ ಹಟದ ವಿಷಯ. ಹಟ ಸರಿಯಾಗಿಯೇ ಇದೆ, ಬಿಟ್ಟುಬಿಡಿ. ದಳಪತ್ ಸಿಂಗ್ ಜೋಧಪುರ ಲ್ಯಾನ್ಸರ್ಸ್‌ನವರು, ಹೈಫಾದಲ್ಲೇ ಪ್ರಾಣ ಬಿಟ್ಟವರು, ದೊಡ್ಡ ಹೆಸರು. ಆದರೆ ನಿಜವಾಗಿ ಬದುಕಿ ಸತ್ತವರೊಬ್ಬರ ಬಾಯಲ್ಲಿ ನಾವು ಹೊಸೆದ ಮಾತು ಹಾಕುವುದು ನನಗೆ ಒಪ್ಪಿಗೆಯಾಗದ ಕೆಲಸ. ಹೆಸರಿಲ್ಲದ ಸವಾರನಾದರೆ ಆ ತೊಡಕಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅಲ್ಲಿಂದಲೂ ಹೆಸರು ಎತ್ತಿಕೊಳ್ಳುವುದು ಬೇಡ. ‘ನಾನೊಬ್ಬ ಸವಾರ’ ಅಂದರೆ ಸಾಕು. ಈ ಮಾತು ಕಲ್ಪಿಸಿದ್ದು, ಹಿಂದಿರುವ ಘಟನೆಗಳು ನಿಜ ಎಂದು ಶುರುವಿನಲ್ಲೇ ಒಂದು ವಾಕ್ಯ ಹೇಳಿಬಿಡಲಿ.

ಈಗ ಕರಡಿಗೆ ಬರೋಣ. ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ಹನ್ನೊಂದು ವರ್ಷದ ಹುಡುಗನೂ ಇಲ್ಲ, ಸವಾರನೂ ಇಲ್ಲ. ನೀವೇ ಇದ್ದೀರಿ. ‘ಮೊದಲ ಮಹಾಯುದ್ಧದಲ್ಲಿ ಕರ್ನಾಟಕದ ಕೀರ್ತಿ ಪತಾಕೆಯನ್ನು ಇಸ್ರೇಲಿನ ನೆಲದಲ್ಲಿ ಹಾರಿಸಿದ ನಾನು’ ಎಂದು ಆರಂಭಿಸಿದ್ದೀರಿ. ಈ ಒಂದು ಸಾಲನ್ನೇ ನೋಡಿ. ಎರಡನೆಯದು ಬರುವ ಮೊದಲು ಯಾರಾದರೂ ‘ಮೊದಲ’ ಮಹಾಯುದ್ಧದಲ್ಲಿ ಇದ್ದೇನೆ ಅಂದುಕೊಳ್ಳುತ್ತಾರೆಯೇ? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಇಸ್ರೇಲ್ ಹುಟ್ಟಿದ್ದು 1948ರಲ್ಲಿ. ಸವಾರನಿಗೆ ಗೊತ್ತಿದ್ದದ್ದು ಮೈಸೂರು ಸಂಸ್ಥಾನ, ನಾಲ್ವಡಿ ಕೃಷ್ಣರಾಜ ಒಡೆಯರು, ತನ್ನ ರಿಸಾಲೆ, ತನ್ನ ಕುದುರೆ, ಮತ್ತು ಎದುರಿಗಿದ್ದ ತುರ್ಕಿಯವರ ಕೈಯಲ್ಲಿದ್ದ ಒಂದು ಬಂದರು ಊರು.

ಆದ್ದರಿಂದ ನನ್ನ ಸಲಹೆ ಇಷ್ಟೇ: ಅವನನ್ನು ಒಂದೇ ದಿನದಲ್ಲಿ ನಿಲ್ಲಿಸಿ. 1918ರ ಸೆಪ್ಟೆಂಬರ್ 23, ಕತ್ತಲಾದ ಮೇಲೆ. ಅಂದಿನವರೆಗೆ ಒಬ್ಬ ಸವಾರನಿಗೆ ಏನು ತಿಳಿದಿರಬಹುದೋ ಅಷ್ಟನ್ನು ಮಾತ್ರ ಹೇಳಲಿ. ಕೇಳಲು ಸುಲಭ, ಮಾಡಲು ಕೂತರೆ ವಾರಗಟ್ಟಲೆ ಓದು ಬೇಡುತ್ತದೆ. ಶಾಲೆಯ ಪಠ್ಯದಲ್ಲಿ ಒಂದು ಸಾಲಾಗಿ ಮುಗಿಯುವ ಸಂಗತಿಗೆ ವಾರಗಟ್ಟಲೆ ಕೊಡಬಹುದು ಎನ್ನುವುದೇ ಅಲ್ಲವೇ ನೀವು ಆರಿಸಿಕೊಂಡ ದಾರಿಯ ಅನುಕೂಲ? ಶಾಲೆಗೆ ಕಳಿಸದ ಬಗ್ಗೆ ಪತ್ರದಲ್ಲಿ ಮೂರು ಕಡೆ ಸಮಜಾಯಿಷಿ ಕೊಟ್ಟಿದ್ದೀರಿ. ನನಗೆ ಅದರ ಅಗತ್ಯವಿರಲಿಲ್ಲ.

ಆ ರಾತ್ರಿಯ ಸವಾರ ಏನೇನು ಹೇಳಬಲ್ಲ? 1914ರಲ್ಲಿ ಊರು ಬಿಟ್ಟವನು. 1915ರಲ್ಲಿ ಸೂಯೆಜ್ ಕಾಲುವೆಯ ಕಾವಲು ಕಂಡವನು. ಬ್ರಿಟಿಷ್ ಸೇನಾಪತಿ ಜನರಲ್ ಅಲೆನ್‌ಬಿಯ ದೊಡ್ಡ ದಾಳಿ ಸೆಪ್ಟೆಂಬರ್ 19ಕ್ಕೆ ಶುರುವಾದಂದಿನಿಂದ ಜೀನು ಬಿಟ್ಟು ಇಳಿದದ್ದೇ ಕಡಿಮೆ. ಹೈಫಾಗೆ ಹೋಗುವ ದಾರಿ ಒಂದು ಕಡೆ ಕಾರ್ಮೆಲ್ ಬೆಟ್ಟಕ್ಕೂ ಇನ್ನೊಂದು ಕಡೆ ಕಿಶೋನ್ ಹೊಳೆಗೂ ನಡುವೆ ಇಕ್ಕಟ್ಟಿನಲ್ಲಿ ಸಾಗುತ್ತದೆ. ಬೆಟ್ಟದ ಮೇಲೆ ಫಿರಂಗಿ, ಇಳಿಜಾರಿನಲ್ಲಿ ಮೆಷಿನ್ ಗನ್. ಹೊಳೆಯ ದಂಡೆಯ ಹೂಳಿನಲ್ಲಿ ಕುದುರೆಗಳು ಹೂತುಹೋದವು, ದಾಟಲು ಆಗಲಿಲ್ಲ. ಆಗ ಜೋಧಪುರದವರು ಎಡಕ್ಕೆ ತಿರುಗಿ ಬೆಟ್ಟದ ಬುಡದ ಮೆಷಿನ್ ಗನ್‌ಗಳ ಮೇಲೇ ನುಗ್ಗಿ, ಊರಿನತ್ತ ದಾರಿ ಬಿಡಿಸಿಕೊಂಡರು. ಮೈಸೂರಿನ ಒಂದು ತುಕಡಿಗೆ ಕಾರ್ಮೆಲ್ ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿಯುವ ಕೆಲಸ. ಅದರಲ್ಲಿ ಹೆಚ್ಚಿನವರು ಕುದುರೆಯಿಂದಿಳಿದು ಗುಂಡು ಹಾರಿಸುತ್ತಿದ್ದರೆ, ಉಳಿದಿದ್ದ ಹತ್ತು ಹದಿನೈದು ಸವಾರರು ಏರಿ ಹೋದರು. ನಿಮ್ಮ ಹುಡುಗ ಈ ತುಕಡಿಯವನಾಗಲಿ. ಜೋಧಪುರದವರ ಓಟವನ್ನು ಅವನು ಮೇಲಿನಿಂದ ಕಂಡಿರಬಹುದು, ಕಾಣದೆಯೂ ಇರಬಹುದು. ಬೇರೆಯವರ ಬಾಯಿಂದ ಕೇಳಿದ್ದು ಎಂದೇ ಹೇಳಲಿ.

ಕರಡಿನಲ್ಲಿ ಹತ್ತಾರು ಕಡೆ ‘ಶೌರ್ಯ’ ಬಂದಿದೆ, ಕುದುರೆ ಎಲ್ಲೂ ಇಲ್ಲ. ಅಂದಿನ ಲೆಕ್ಕ ನೋಡಿ: ಮೈಸೂರು, ಜೋಧಪುರದವರಿದ್ದ ಬ್ರಿಗೇಡಿನಲ್ಲಿ 8 ಮಂದಿ ಸತ್ತರು, 34 ಮಂದಿಗೆ ಗಾಯ. ಕುದುರೆಗಳಲ್ಲಿ 60 ಸತ್ತು 83 ಗಾಯಗೊಂಡವು. ಸೆರೆ ಸಿಕ್ಕ ಶತ್ರುಗಳು 1,350. ಸೆರೆಯಾಳುಗಳ ಲೆಕ್ಕ ಅಧಿಕಾರಿಗಳದು, ಆ ರಾತ್ರಿ ಸವಾರನಿಗೆ ಗೊತ್ತಾಗಿರಲಾರದು. ಕುದುರೆ ಕಟ್ಟುವ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಎನ್ನುವುದು ಮಾತ್ರ ಕಣ್ಣಿಗೇ ಕಾಣುತ್ತದೆ. ಮಗನನ್ನು ಅಲ್ಲಿಂದ ಮಾತು ಶುರುಮಾಡಲು ಬಿಡಿ.

ಇನ್ನೊಂದು ವಾಕ್ಯ ಹೊಡೆದುಹಾಕಿದ್ದೇನೆ: ‘ಬರೀ ಈಟಿ ಹಿಡಿದು ಗೆದ್ದ ಜಗತ್ತಿನ ಕೊನೆಯ ಅಶ್ವದಾಳಿ’. ಬರೀ ಈಟಿ ಅಲ್ಲ, ಇವರ ಬೆನ್ನಿಗೂ ಫಿರಂಗಿ, ಮೆಷಿನ್ ಗನ್ ಇದ್ದವು. ಕೊನೆಯದೂ ಅಲ್ಲ. ಇದೇ ಮೈಸೂರು, ಜೋಧಪುರದ ಸವಾರರು ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮತ್ತೆ ದಾಳಿ ಮಾಡಿದರು. ಇರುವ ಸಾಹಸವೇ ಸಾಲದೇ, ಉಪ್ಪು ಖಾರ ಹಚ್ಚಬೇಕೇ?

ಮಾವನವರ ಪ್ರಶ್ನೆ ಮಾತ್ರ ಹಗುರವಾದದ್ದಲ್ಲ. ಅದಕ್ಕೆ ಉತ್ತರಿಸದೆ ಜಾರಿಕೊಂಡರೆ ಇದು ಛದ್ಮವೇಷ ಸ್ಪರ್ಧೆಯೇ ಆಗುತ್ತದೆ. ಮೈಸೂರು ಲ್ಯಾನ್ಸರ್ಸ್ ಮಹಾರಾಜರ ಸೈನ್ಯ, ಹೋಗಿದ್ದು ಬ್ರಿಟಿಷ್ ಸಾಮ್ರಾಜ್ಯದ ಯುದ್ಧಕ್ಕೆ. ಎರಡೂ ನಿಜ. ಆ ಯುದ್ಧಕ್ಕೆ ಭಾರತದಿಂದ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಸಂಬಳಕ್ಕೆ, ಮನೆತನದ ವಾಡಿಕೆಗೆ, ಅರಸರ ಮೇಲಿನ ನಿಷ್ಠೆಗೆ, ಹೀಗೆ ಸೇರಿದವರ ಕಾರಣಗಳು ಒಂದೆರಡಲ್ಲ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಯಾರ ಪರ ಎಂದು ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಸವಾರನ ವಿಷಯದಲ್ಲಿ ಹುಡುಗ ತಾನೇ ಕೂತು ಯೋಚಿಸಬೇಕಾಗುತ್ತದೆ. ನಾನಾದರೆ ಅದಕ್ಕಾಗಿಯೇ ಸವಾರನನ್ನು ಆರಿಸುತ್ತಿದ್ದೆ.

ಆದರೆ ಸವಾರನ ಬಾಯಿಂದ ಆ ಪ್ರಶ್ನೆಗೆ ಉತ್ತರ ಹೇಳಿಸಬೇಡಿ. ‘ನಾನು ಪರಕೀಯರಿಗಾಗಿ ಹೋರಾಡಿ ತಪ್ಪು ಮಾಡಿದೆ’ ಎಂದು ಆ ರಾತ್ರಿ ಅವನು ಗೋಳಾಡಿದರೆ ಅದು ಇಂದಿನ ನಮ್ಮ ಮಾತಾಗುತ್ತದೆ. ಏಳು ನಿಮಿಷ ಸವಾರನಾಗಿ ಮಾತಾಡಲಿ. ಆಮೇಲೆ ಎಲ್ಲರೆದುರು ತಲೆಯ ರುಮಾಲು ತೆಗೆದು ಮೇಜಿನ ಮೇಲಿಟ್ಟು, ‘ಈಗ ನಾನು ನಾನೇ, ಕೇಳಿ’ ಎನ್ನಲಿ. ವೇಷ ತೊಟ್ಟು ಇತಿಹಾಸ ಹೇಳುವ ವಸ್ತುಸಂಗ್ರಹಾಲಯಗಳಲ್ಲಿಯೂ ಪಾತ್ರವಾಗಿ ಮಾತಾಡುವುದು, ಪಾತ್ರದ ಬಗ್ಗೆ ಮಾತಾಡುವುದು ಎಂದು ಎರಡು ರೀತಿ ಉಂಟು. ದೆಹಲಿಯಲ್ಲಿ ಈ ಸವಾರರ ನೆನಪಿಗಿರುವ ತೀನ್ ಮೂರ್ತಿ ಸ್ಮಾರಕ, 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರು ಸೇರಿದ್ದು, ಈ ಅಶ್ವಪಡೆಗಳು 1953ರಲ್ಲಿ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಒಂದಾದದ್ದು, ಎಲ್ಲವೂ ರುಮಾಲು ತೆಗೆದ ಮೇಲಿನ ಮಾತು. ಅಜ್ಜ ಮುಂದಿನ ಸಾಲಿನಲ್ಲೇ ಕೂತು ತಮ್ಮ ಪ್ರಶ್ನೆ ಕೇಳಲಿ. ‘ಎಷ್ಟು ಜನರನ್ನು ಕೊಂದೆ?’ ಎಂದು ಚಿಕ್ಕ ಮಕ್ಕಳು ಕೇಳಿಯೇ ಕೇಳುತ್ತಾರೆ. ಅದಕ್ಕೂ ರುಮಾಲು ತೆಗೆದೇ ಉತ್ತರಿಸಲಿ. ಒಂದು ಸಂಖ್ಯೆ ಕಟ್ಟಿ ಹೇಳುವುದು ಬೇಡ.

ಈಟಿ ಬೇಡ. ಪೇಪರಿನಿಂದ ಮಾಡಿದ ನಾಲ್ಕಡಿಯ ಈಟಿ ನಗು ತರಿಸುತ್ತದೆ, ನಿಜವಾದ ಬಿದಿರು ಯಾರದಾದರೂ ಕಣ್ಣಿಗೆ ಚುಚ್ಚುತ್ತದೆ. ಸೀಮೆಸುಣ್ಣದಿಂದ ನೆಲದ ಮೇಲೆ ಒಂಬತ್ತು ಅಡಿಯ ಗೆರೆ ಎಳೆಯಿರಿ. ಅಂದಿನ ಈಟಿ ಸುಮಾರು ಅಷ್ಟೇ ಉದ್ದ. ಗೆರೆಯ ಪಕ್ಕ ಮಗುವೊಂದು ಮಲಗಿ ನೋಡಲಿ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಉಡುಪು ಖಾಕಿಯದಿರಲಿ. ಅರಮನೆಯ ಮೆರವಣಿಗೆಯ ಜರತಾರಿ ಉಡುಪು ರಣರಂಗದ್ದಲ್ಲ. ಕಾಲಿಗೆ ಸುತ್ತುವ ಬಟ್ಟೆಪಟ್ಟಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಮೀಸೆಯೂ ಬೇಡ. ಬೆವರಿಗೆ ಅಂಟು ಬಿಟ್ಟು ನಡುಮಾತಿನಲ್ಲಿ ಜಾರುತ್ತದೆ, ಆಮೇಲೆ ಕಾರ್ಮೆಲ್ ಬೆಟ್ಟದ ಕಡೆ ಯಾರೂ ನೋಡುವುದಿಲ್ಲ.