ಎರಡನೇ ರೈಲು ಬಂದರೆ?

ಪ್ರಶ್ನೆ: ನಮ್ಮ ಕೊನೇ ವರ್ಷದ ಪ್ರಾಜೆಕ್ಟ್ ರೈಲ್ವೆ ಗೇಟ್ ಕಂಟ್ರೋಲರ್. ಜೋಡಿ ಹಳಿ, ಸೆನ್ಸರ್‌ಗಳು, ಗೇಟಿಗೊಂದು ಮೋಟರ್. ಬೋರ್ಡ್ ಮೇಲೆ ನೂರು ಸಲ ಓಡಿಸಿದ್ದೇವೆ, ಒಮ್ಮೆಯೂ ತಪ್ಪಿಲ್ಲ. ಆದರೂ ಗೈಡ್ ‘ಟೈಮ್ಡ್ ಆಟೊಮೇಟಾ ಮಾಡೆಲ್ ಮಾಡಿ ತನ್ನಿ’ ಅಂತ ಹಠ ಹಿಡಿದಿದ್ದಾರೆ. ಸುಮ್ನೆ ಕೆಲಸ ಜಾಸ್ತಿ ಅಲ್ವಾ ಸರ್?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ನನ್ನ ವೋಟು ನಿಮ್ಮ ಗೈಡಿಗೆ. ಆ ನೂರು ಸಲ ಬಟನ್ ಒತ್ತಿದ್ದು ನೀವೇ ತಾನೇ? ನಮ್ಮ ಕೈ ಯಾವಾಗಲೂ ಒಂದೇ ಲಯದಲ್ಲಿ ಒತ್ತುತ್ತದೆ. ನಾನೂ ಒಮ್ಮೆ ಒಂದು ಕಾರ್ಖಾನೆಯ ಕನ್ವೇಯರ್‌ಗೆ ಕೋಡ್ ಬರೆದಿದ್ದೆ. ನನ್ನ ಮೇಜಿನ ಮೇಲೆ ಚೆನ್ನಾಗೇ ಓಡಿತು. ಅಲ್ಲಿ ಎರಡು ಸೆನ್ಸರ್ ಹೆಚ್ಚುಕಮ್ಮಿ ಒಟ್ಟಿಗೇ ಬಡಿದ ದಿನ ಬೆಲ್ಟ್ ನಿಂತಿತು. ವೈರ್ ಸಡಿಲ ಅಂದುಕೊಂಡು ಎರಡು ದಿನ ಸ್ಕ್ರೂ ಬಿಗಿ ಮಾಡಿದ್ದೇ ಬಂತು!

ಟೈಮ್ಡ್ ಆಟೊಮೇಟಾ ಅಂದರೆ ಯಂತ್ರದ ಸ್ಥಿತಿಗಳನ್ನೂ, ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗಬಹುದು ಅನ್ನುವುದನ್ನೂ ಗಡಿಯಾರದ ಲೆಕ್ಕದಲ್ಲಿ ಬರೆದ ನಕ್ಷೆ. ನಿಮ್ಮ ಗೇಟ್ ಈ ವಿದ್ಯೆಯ ಹಳೇ ಉದಾಹರಣೆ. ಕಂಪ್ಯೂಟರ್ ವಿಜ್ಞಾನಿಗಳಾದ ರಾಜೀವ್ ಅಲೂರ್, ಡೇವಿಡ್ ಡಿಲ್ 1994ರ ಪ್ರಬಂಧದಲ್ಲಿ ಇದನ್ನೇ ಬಿಡಿಸಿದ್ದಾರೆ. ರೈಲು, ಗೇಟ್, ಕಂಟ್ರೋಲರ್ ಮೂರಕ್ಕೂ ಒಂದೊಂದು ಗಡಿಯಾರ. ‘ಬರುತ್ತಿದ್ದೇನೆ’ ಅಂತ ಸಿಗ್ನಲ್ ಕೊಟ್ಟ ರೈಲು 2 ನಿಮಿಷದೊಳಗೆ ಗೇಟ್ ಮುಟ್ಟುವುದಿಲ್ಲ. ಕಂಟ್ರೋಲರ್ 1 ನಿಮಿಷಕ್ಕೆ ‘ಇಳಿ’ ಅನ್ನುತ್ತದೆ, ಗೇಟ್ ಇನ್ನೊಂದು ನಿಮಿಷದೊಳಗೆ ಇಳಿಯುತ್ತದೆ. ಲೆಕ್ಕ ಸರಿಹೋಯಿತು.

ಆದರೆ ಅಲ್ಲಿರುವುದು ಒಂದೇ ರೈಲು. ನಿಮ್ಮದು ಜೋಡಿ ಹಳಿ. ಮೊದಲನೆಯದು ದಾಟಿತು, ಕಂಟ್ರೋಲರ್ ‘ಏಳು’ ಅಂದಿತು. ಆ ಹೊತ್ತಿಗೆ ಎರಡನೆಯದು ಎದುರಿನಿಂದ ಬಂದು ಗೇಟಿನ ಮಧ್ಯದಲ್ಲೇ ಇದ್ದರೆ? ಒಳಗೆ ಎಷ್ಟು ರೈಲಿದೆ ಅನ್ನುವ ಎಣಿಕೆ ನಿಮ್ಮ ಕೋಡಿನಲ್ಲಿದೆಯಾ? ಉಪ್ಸಾಲಾ, ಆಲ್ಬೋರ್ಗ್ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ‘ಉಪ್ಪಾಲ್’ ತಂತ್ರಾಂಶಕ್ಕೆ ಮಾಡೆಲ್ ಕೊಡಿ. ಘಟನೆಗಳು ಯಾವ್ಯಾವ ಕ್ರಮದಲ್ಲಿ ಬರಬಹುದೋ ಅಷ್ಟನ್ನೂ ಹುಡುಕುತ್ತದೆ. ತಪ್ಪಿದ್ದರೆ ಅಪಘಾತದವರೆಗಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ. ನನಗೆ ಅತಿ ಇಷ್ಟ ಇದೇ.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ನಾಸಾದ ‘ಡೀಪ್ ಸ್ಪೇಸ್ 1’ ನೌಕೆಯ ಸ್ವಯಂಚಾಲನೆ ತಂತ್ರಾಂಶದ ಒಂದು ಭಾಗವನ್ನು 1997ರಲ್ಲಿ ‘ಸ್ಪಿನ್’ ಎಂಬ, ಉಪ್ಪಾಲ್‌ನಂತೆಯೇ ಮಾಡೆಲ್ ಜಾಲಾಡುವ ತಂತ್ರಾಂಶದಿಂದ ಪರೀಕ್ಷಿಸಿ, ಐದು ತಪ್ಪು ಹಿಡಿದಿದ್ದರು. 1999ರ ಮೇ ತಿಂಗಳಲ್ಲಿ, ನೌಕೆ ಆಕಾಶದಲ್ಲಿದ್ದಾಗ, ಅದೇ ಜಾತಿಯ ತಪ್ಪು ಇನ್ನೊಂದು ಭಾಗದಲ್ಲಿ ತಲೆ ಎತ್ತಿತು. ಎರಡು ಕೆಲಸಗಳು ಒಂದನ್ನೊಂದು ಕಾಯುತ್ತಾ ಕೂತುಬಿಟ್ಟವು. ಆ ಭಾಗಕ್ಕೆ ಮಾಡೆಲ್ಲೇ ಮಾಡಿರಲಿಲ್ಲ.

ಇನ್ನೊಂದು ಮಾತು. ನಿಮ್ಮ ಮೋಟರ್ ಗೇಟ್ ಇಳಿಸಲು ಅತಿ ಹೆಚ್ಚೆಂದರೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಪತ್ರದಲ್ಲಿ ಆ ಸಂಖ್ಯೆಯೇ ಇಲ್ಲ. ಬ್ಯಾಟರಿ ಇಳಿದಾಗಲೂ ಸ್ಟಾಪ್‌ವಾಚ್ ಹಿಡಿದು ಅಳೆಯಿರಿ, ಆಮೇಲೆ ಮಾಡೆಲ್‌ಗೆ ಕೂರಿ.