ಎಫ್‌ಎಂನಲ್ಲಿ ಹಿಂದಿನ ಸ್ಪೀಕರ್‌ಗೆ ಬರೋದು ನಿಜವಾದ ಸರೌಂಡಾ?

ಸರ್, ನಿಮ್ಮ ಪ್ರಶ್ನೆ ಎರಡು. ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್‌ನಲ್ಲಿ (ರೇಡಿಯೊ, ಟಿವಿ ಸದ್ದನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ಆಕಾಶವಾಣಿಯ ರೇನ್‌ಬೋ 101.3 ಹಾಕಿದರೆ ಹಿಂದಿನ ಸ್ಪೀಕರ್‌ಗಳಲ್ಲೂ ಹಾಡು ಬರುತ್ತದೆ, ಅದು ಸರೌಂಡಾ, ಅಂದರೆ ಸುತ್ತಲಿಂದ ಬರುವಂತೆ ಸ್ಟೇಷನ್ನೇ ಕಳಿಸಿದ ಸದ್ದಾ? ಜೊತೆಗೆ ಸುಯ್ ಅನ್ನುವ ಸದ್ದು ಯಾಕೆ?

ಸ್ಟೇಷನ್ ಕಳಿಸುತ್ತಿರುವುದು ಎಡ, ಬಲ ಎರಡೇ. ಹಿಂದಿನದನ್ನು ನಿಮ್ಮ ರಿಸೀವರ್ ಊಹಿಸಿ ಕೊಡುತ್ತಿದೆ. 1961ರಲ್ಲಿ ಅಮೆರಿಕ ಒಪ್ಪಿದ ಎಫ್‌ಎಂ ಸ್ಟೀರಿಯೊ ಪದ್ಧತಿಯೇ ಇಂದಿಗೂ ನಡೆಯುತ್ತಿರುವುದು. ಎಡ-ಬಲ ಕೂಡಿಸಿದ ಸಿಗ್ನಲ್ ಕೆಳಗಿನ ಆವರ್ತನದಲ್ಲಿ, 15 ಕಿಲೋಹರ್ಟ್ಸ್‌ವರೆಗೆ ಇರುತ್ತದೆ. ಎಡದಲ್ಲಿ ಬಲ ಕಳೆದ ವ್ಯತ್ಯಾಸ ಮೇಲೆ, 23ರಿಂದ 53 ಕಿಲೋಹರ್ಟ್ಸ್ ನಡುವೆ ಕೂತಿರುತ್ತದೆ. ಎಫ್‌ಎಂನಲ್ಲಿ ಈ ಆವರ್ತನ ಮೇಲೆ ಹೋದಷ್ಟೂ ಗದ್ದಲ ಜಾಸ್ತಿ. ಪ್ರೊಲಾಜಿಕ್ ಥರದ ಡೀಕೋಡರ್ (ಎರಡು ಚಾನೆಲ್‌ನಿಂದ ಹೆಚ್ಚು ಚಾನೆಲ್ ಬಿಡಿಸುವ, ರಿಸೀವರ್ ಒಳಗಿನ ವ್ಯವಸ್ಥೆ) ಹಿಂದಿನ ಸ್ಪೀಕರ್‌ಗೆ ಕೊಡುವುದು ಮುಖ್ಯವಾಗಿ ಆ ವ್ಯತ್ಯಾಸವನ್ನೇ. ಅಂದರೆ ಇಡೀ ಪ್ರಸಾರದಲ್ಲಿ ಅತಿ ಗದ್ದಲದ ಭಾಗವನ್ನು ಹೆಕ್ಕಿ ನಿಮ್ಮ ಬೆನ್ನ ಹಿಂದೆ ಇಡುತ್ತದೆ. ಸುಯ್ ಸದ್ದಿಗೆ ಕಾರಣ ಇದೇ, ಸ್ಪೀಕರ್ ಕೆಟ್ಟಿಲ್ಲ.

ರೇಡಿಯೊದಲ್ಲಿ ನಾಲ್ಕು ಚಾನೆಲ್ ಕೊಡುವ ಪ್ರಯತ್ನ ನಡೆದೇ ಇಲ್ಲ ಅಂತಲ್ಲ. 1969ರಲ್ಲಿ ಬಾಸ್ಟನ್‌ನ ಡಬ್ಲ್ಯುಜಿಬಿಎಚ್, ಡಬ್ಲ್ಯುಸಿಆರ್‌ಬಿ ಸ್ಟೇಷನ್‌ಗಳು ಸೇರಿ ಒಂದೇ ಸಂಗೀತ ಕಛೇರಿಯನ್ನು ನಾಲ್ಕು ಚಾನೆಲ್‌ನಲ್ಲಿ ಕೊಟ್ಟವು. ಎರಡು ಚಾನೆಲ್ ಒಂದರಲ್ಲಿ, ಇನ್ನೆರಡು ಇನ್ನೊಂದರಲ್ಲಿ. ಪೂರ್ತಿ ಕೇಳಬೇಕಾದರೆ ಮನೆಯಲ್ಲಿ ಎರಡು ಸ್ಟೀರಿಯೊ ಟ್ಯೂನರ್ ಬೇಕಿತ್ತು! ಆಮೇಲೆ ಎಸ್‌ಕ್ಯು, ಕ್ಯುಎಸ್ ಅಂತ ಮ್ಯಾಟ್ರಿಕ್ಸ್ ಪದ್ಧತಿಗಳು ಬಂದವು. ನಾಲ್ಕನ್ನು ಎರಡರೊಳಗೆ ಮಡಚಿ ಕಳಿಸುವುದು, ಮನೆಯಲ್ಲಿ ಬಿಚ್ಚುವುದು. ಬಿಚ್ಚಿದಾಗ ಪೂರ್ತಿ ಬೇರೆಯಾಗುತ್ತಿರಲಿಲ್ಲ. ಸಾದಾ ಕ್ಯುಎಸ್ ಡೀಕೋಡರ್‌ನಲ್ಲಿ ಅಕ್ಕಪಕ್ಕದ ಚಾನೆಲ್‌ಗಳ ನಡುವೆ ಬರೀ 3 ಡೆಸಿಬೆಲ್ ಅಂತರ. ಬಿಬಿಸಿ ಕೂಡ 1977ರ ಹೊತ್ತಿಗೆ ಮ್ಯಾಟ್ರಿಕ್ಸ್ ಎಚ್ ಅಂತ ಪ್ರಯೋಗ ಮಾಡಿತು. ಯಾವುದೂ ನಿಲ್ಲಲಿಲ್ಲ. ನಿಜವಾದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ ಬೇರೆ ಬೇರೆ ಚಾನೆಲ್) ಸಿಕ್ಕಿದ್ದು ಡಿಜಿಟಲ್ ಬಂದ ಮೇಲೆ. ಜರ್ಮನಿಯ ಬಿಆರ್ ಕ್ಲಾಸಿಕ್ ಸ್ಟೇಷನ್ ಉಪಗ್ರಹದ ಮೂಲಕ 448 ಕಿಲೋಬಿಟ್ ಡಾಲ್ಬಿ ಡಿಜಿಟಲ್‌ನಲ್ಲಿ ಕಛೇರಿಗಳನ್ನು ಕೊಟ್ಟಿತ್ತು. ನನ್ನ ಪ್ರಕಾರ ರೇಡಿಯೊ ಸರೌಂಡ್ ಅಂತ ಹೆಮ್ಮೆಯಿಂದ ಕರೆಯಬಹುದಾದದ್ದು ಅಂಥದ್ದನ್ನೇ.

ಈಗ ನಿಮ್ಮ ಮನೆಯ ವಿಷಯ. ವಾರ್ತೆ ಬರುವಾಗ ಹಿಂದಿನ ಸ್ಪೀಕರ್ ಹತ್ತಿರ ಕಿವಿ ಇಡಿ. ಓದುವವರ ಧ್ವನಿ ಎಡ-ಬಲ ಎರಡರಲ್ಲೂ ಒಂದೇ ಸಮ ಇರುತ್ತದೆ. ವ್ಯತ್ಯಾಸ ಸೊನ್ನೆ, ಹಾಗಾಗಿ ಹಿಂದೆ ಮಾತು ಕೇಳಬಾರದು. ‘ಸ’, ‘ಶ’ ಬಂದಾಗ ಮಾತ್ರ ಹಿಂದಿನಿಂದ ಚರ್ ಚರ್ ಅಂದರೆ ಸಿಗ್ನಲ್ ಕಟ್ಟಡಕ್ಕೋ ಗುಡ್ಡಕ್ಕೋ ಬಡಿದು ತಡವಾಗಿಯೂ ಬರುತ್ತಿದೆ ಅಂತ ಅನುಮಾನಿಸಿ. ಮಾತು ಪೂರ್ತಿ ಸ್ಪಷ್ಟವಾಗಿ ಹಿಂದೆಯೂ ಕೇಳಿದರೆ ರಿಸೀವರ್ ‘ಆಲ್ ಚಾನೆಲ್ ಸ್ಟೀರಿಯೊ’ದಲ್ಲಿದೆ. ಅದು ಸುಮ್ನೆ ಮುಂದಿನದನ್ನೇ ಹಿಂದೆಯೂ ಹಾಕುತ್ತದೆ, ತೆಗೆದುಬಿಡಿ. ಪ್ರೊಲಾಜಿಕ್ 2 ಇದ್ದರೆ ಮ್ಯೂಸಿಕ್ ಮೋಡ್ ಹಾಕಿ. ಹಳೇ ಪ್ರೊಲಾಜಿಕ್ ಹಿಂದಿನ ಚಾನೆಲನ್ನು 7 ಕಿಲೋಹರ್ಟ್ಸ್‌ಗೇ ಕತ್ತರಿಸುತ್ತದೆ. ಸಂಗೀತಕ್ಕೆ ಅದು ಮಂಕು.

ದುಡ್ಡು ಹಾಕುವುದಿದ್ದರೆ ಮೊದಲು ಆಂಟೆನಾಗೆ ಹಾಕಿ. ರಿಸೀವರ್ ಜೊತೆ ಬರುವ ತುಂಡು ವೈರ್ ಸಾಲದು. 101.3ಕ್ಕೆ ಡೈಪೋಲ್ (ಎರಡು ಕೈಯ ಸಾದಾ ಆಂಟೆನಾ) ಒಟ್ಟು ಸುಮಾರು 1.4 ಮೀಟರ್, ಒಂದೊಂದು ಕೈ 70 ಸೆಂ.ಮೀ. ಅಲ್ಯೂಮಿನಿಯಂ ಪೈಪ್ ಸಾಕು, 75 ಓಮ್ ಕೇಬಲ್ ಎಳೆಯಿರಿ. ತಾರಸಿ ಮೇಲೆ ಅಡ್ಡಲಾಗಿ, ನೆಟ್ಟಗೆ ಎರಡೂ ಇಟ್ಟು ನೋಡಿ. ರಿಸೀವರ್‌ನ ಸಿಗ್ನಲ್ ಮೀಟರ್ ಜಾಸ್ತಿ ತೋರಿಸುವ ಜಾಗ ಬೇಡ, ‘ಸ’ ಶುದ್ಧವಾಗಿ ಬರುವ ಜಾಗವೇ ಸರಿ.

ಡೀಕೋಡರ್ ಇಲ್ಲದವರು ಅಮೆರಿಕದ ಆಡಿಯೊ ಎಂಜಿನಿಯರ್ ಡೇವಿಡ್ ಹ್ಯಾಫ್ಲರ್ ಹೆಸರಿನ ಹಳೇ ಉಪಾಯ ಮಾಡಬಹುದು. ಎರಡು ಹಿಂದಿನ ಸ್ಪೀಕರನ್ನು ಸೀರೀಸ್‌ನಲ್ಲಿ ಜೋಡಿಸಿ, ಆಂಪ್ಲಿಫಯರ್‌ನ ಎಡ-ಬಲದ ಕೆಂಪು ಟರ್ಮಿನಲ್‌ಗಳ ನಡುವೆ ಹಾಕುವುದು. ವ್ಯತ್ಯಾಸ ತಾನಾಗೇ ಹಿಂದೆ ಬರುತ್ತದೆ. ಆದರೆ ಮೊದಲು ಆಂಪ್ ಆಫ್ ಮಾಡಿ, ಎರಡೂ ಕಪ್ಪು ಟರ್ಮಿನಲ್ ಒಳಗೆ ಒಂದೇನಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಲೇಬೇಕು. ಸಣ್ಣ ಕ್ಲಾಸ್ ಡಿ ಆಂಪ್ ಬೋರ್ಡ್‌ಗಳ ಔಟ್‌ಪುಟ್ ಬಹಳಷ್ಟು ಸಲ ಬ್ರಿಡ್ಜ್ ಆಗಿರುತ್ತದೆ, ಅಂದರೆ ಕಪ್ಪು ಟರ್ಮಿನಲ್‌ನಲ್ಲೂ ಸಿಗ್ನಲ್ ಇರುತ್ತದೆ. ಅವುಗಳಲ್ಲಿ ಇದನ್ನು ಮಾಡಲೇಬೇಡಿ, ಐಸಿ ಸುಟ್ಟುಹೋಗಬಹುದು.

ವಾರ್ತೆ ಹೊತ್ತಿನಲ್ಲಿ ಹಿಂದೆ ಏನು ಕೇಳಿತು ಅಂತ ರಿಸೀವರ್ ಮಾಡೆಲ್ ಸಮೇತ ಇಲ್ಲೇ ಬರೆಯಿರಿ.